ಹನ್ನೆರಡು ತಿಂಗಳ ಆಷಾಢ

“ಅತ್ತೆ, ಮಾವನ ಕಾಲು ಮೈಸೂರಲ್ಲಿದ್ಯಲ್ಲ, ನೀನು ಯಾರ ಕಾಲಿಗೆ ಪೂಜೆ ಮಾಡ್ತೀಯ?”

ಭೀಮನ ಅಮಾವಾಸ್ಯೆಯ ವ್ರತದ ಮಾತು ಬಂದಾಗ ಹೀಗೆ ಕೇಳಿದ್ದು ಅಣ್ಣನ ಮಗಳು, ಯುಕೆಜಿ. ಅರಕಲಗೂಡಿನ ಮನೆಯ ಜಗಲಿಯಲ್ಲಿ ಕೂತು ಫೋನನ್ನು ಮೂಗಿಗೆ ಅಂಟಿಸಿಕೊಂಡಿದ್ದಳು; ನನಗೆ ಕಾಣುತ್ತಿದ್ದುದು ಅವಳ ಎರಡು ಹುಬ್ಬು ಮಾತ್ರ. ವಿಡಿಯೋ ಕಾಲಿಗೆ ಮಾಡ್ತೀನಿ ಕಣೇ ಅಂದೆ. “ಹಂಗಾದ್ರೆ ಪಾದ ತೊಳೆಯೋ ನೀರು ಫೋನ್ ಮೇಲೆ ಹಾಕ್ತೀಯಾ?” ಹಿಂದಿನಿಂದ ಅತ್ತಿಗೆ ಗದರಿದರು, ಅಣ್ಣ ನಕ್ಕ. ನಾನೂ ನಕ್ಕೆ. ಫೋನಿಟ್ಟ ಮೇಲೆ ಹೂರಣದ ಬೇಳೆ ತಳ ಹಿಡಿಯುವವರೆಗೂ ಒಲೆಯ ಮುಂದೆ ಸುಮ್ಮನೆ ನಿಂತಿದ್ದೆ.

ನಾನಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿ, ಮೆಂಡೋಟಾ ಸರೋವರದ ಪಕ್ಕದ ಈಗಲ್ ಹೈಟ್ಸ್ ಎಂಬ ವಿದ್ಯಾರ್ಥಿಗಳ ವಸತಿಯಲ್ಲಿ. ಓದುವುದೂ ಅದೇ ಸರೋವರವನ್ನು. ಸುತ್ತಲಿನ ಹೈನುಗಾರರ ಹೊಲಗಳಿಂದ ಗೊಬ್ಬರದ ಜೊತೆ ಹರಿದುಬರುವ ರಂಜಕ, ಅದನ್ನುಂಡು ಬೇಸಿಗೆಯಲ್ಲಿ ಹಸಿರು ಬಣ್ಣ ಕಲಕಿದಂತೆ ಮೇಲೇಳುವ ಪಾಚಿ, ನನ್ನ ಪಿಎಚ್‌ಡಿ ಇಷ್ಟೇ. ಊರ ಕೆರೆಗೆ ಪಾಚಿ ಕಟ್ಟಿದರೆ ಎಮ್ಮೆ ಇಳಿಸುತ್ತಿದ್ದ ನಮ್ಮಜ್ಜ ಇದನ್ನು ಕೇಳಿದ್ದರೆ ಏನನ್ನುತ್ತಿದ್ದರೋ. ಇವರು ಮೈಸೂರಿನಲ್ಲಿ ಕಾಲೇಜು ಮೇಷ್ಟರು. ನನ್ನದು ಎಫ್-1 ಎಂಬ ವಿದ್ಯಾರ್ಥಿ ವೀಸಾ. ಜೊತೆಗೆ ಬಂದರೆ ಇವರಿಗೆ ಸಿಗುವುದು ಎಫ್-2, ಅದರಲ್ಲಿ ಕೆಲಸ ಮಾಡುವಂತಿಲ್ಲ. ಮನೆಯಲ್ಲಿದ್ದು ನನಗೆ ಡಬ್ಬಿ ಕಟ್ಟಿಕೊಡಲು ಇವರಿಗೇನೂ ಬೇಸರವಿರಲಿಲ್ಲ. ಬೇಸರ ಇದ್ದದ್ದು ನೆಂಟರಿಷ್ಟರಿಗೆ, ಮತ್ತೆ ಮನೆ ಸಾಲದ ಕಂತಿಗೆ.

ಹೊಸದಾಗಿ ಮದುವೆಯಾದವರು ಆಷಾಢದಲ್ಲಿ ಒಂದು ತಿಂಗಳು ಬೇರೆಯಿದ್ದರೆ ಊರೆಲ್ಲ ಅಯ್ಯೋ ಅನ್ನುತ್ತದೆ, ಗೇಲಿ ಮಾಡುತ್ತದೆ. ನಮ್ಮದು ಹನ್ನೆರಡು ತಿಂಗಳೂ ಆಷಾಢ, ಯಾರೂ ಗೇಲಿ ಸಹ ಮಾಡುವುದಿಲ್ಲ. ವ್ರತಕ್ಕೆ ಒಂಬತ್ತು ವರ್ಷ ಎಂದು ನಮ್ಮತ್ತೆ ಲೆಕ್ಕ ಇಟ್ಟಿದ್ದಾರೆ. ಪಿಎಚ್‌ಡಿಗೆ ಅಂಥ ಲೆಕ್ಕ ಇಟ್ಟವರಿಲ್ಲ. “ಮೊದಲು ಯಾವುದರ ಉದ್ಯಾಪನೆ ಅಂತ ಹೇಳಿಬಿಡು, ರಜ ಹಾಕೋಕೆ ಅನುಕೂಲ” ಅಂತ ಇವರು ಕಿಚಾಯಿಸುತ್ತಾರೆ. ಈ ಬೇಸಿಗೆಯಲ್ಲಿ ಊರಿಗೆ ಹೋಗಿಬರುವ ಆಸೆಯಿತ್ತು. 2025ರ ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾಕ್ಕೆ ಹೊಸ ಸಂದರ್ಶನ ಕೊಡುವುದನ್ನೇ ನಿಲ್ಲಿಸಿದರು. ಜೂನಿನಲ್ಲಿ ಮತ್ತೆ ಶುರುವಾಯಿತು, ಆದರೆ ಹೋದರೆ ವಾಪಸು ಬರುತ್ತೇನೆಂಬ ಧೈರ್ಯ ಅಷ್ಟರಲ್ಲಿ ಹೋಗಿತ್ತು. ಟಿಕೆಟ್ ತೆಗೆಯಲಿಲ್ಲ.

ಗಂಡನ ಪಾದಪೂಜೆಯ ಹಬ್ಬ ನಿನಗೇಕೆ ಎಂದು ಗೆಳತಿಯರು ಕೇಳಿದ್ದುಂಟು. ನನ್ನ ಹತ್ತಿರ ಒಳ್ಳೆಯ ಉತ್ತರವಿಲ್ಲ. ತಂಬಿಟ್ಟು ಕಲಸುವುದು, ಅದನ್ನು ಒತ್ತಿ ದೀಪ ಮಾಡುವುದು, ದಾರಕ್ಕೆ ಅರಿಶಿನ ಹಚ್ಚಿ ಗಂಟು ಹಾಕುವುದು, ಈ ಕೆಲಸಗಳೆಲ್ಲ ಕೈಗೆ ಇಷ್ಟ. ಕೈಗೆ ಇಷ್ಟವಾದದ್ದಕ್ಕೆಲ್ಲ ತಲೆ ಒಪ್ಪಿಗೆ ಕೊಡಬೇಕು ಅಂತೇನಿಲ್ಲವಲ್ಲ. ಬಿಟ್ಟುಬಿಡೋಣವೆಂದು ಒಮ್ಮೆ ಅಂದುಕೊಂಡಾಗ ಇವರೇ, “ನನ್ನ ಕಾಲಿಗೆ ವರ್ಷಕ್ಕೊಂದು ಸಲ ಸಿಗೋ ಮರ್ಯಾದೆ ಅದೊಂದೇ” ಅಂದಿದ್ದರು.

ಈ ಸಲ ಹಬ್ಬ ಬಿದ್ದದ್ದು ಜುಲೈ 24, ಗುರುವಾರ. ಅಮಾವಾಸ್ಯೆ ಊರಲ್ಲಿ ಮುಗಿಯುವುದು ನಡುರಾತ್ರಿ 12:40ರ ಸುಮಾರಿಗೆ; ನಮಗೆ ಅದೇ ಹೊತ್ತು ಮಧ್ಯಾಹ್ನ 2:10. ಹಗಲು, ರಾತ್ರಿ, ಊಟ, ನಿದ್ದೆ ಎಲ್ಲ ಹತ್ತೂವರೆ ಗಂಟೆ ಆಚೀಚೆಯಾಗಿರುವ ಗಂಡ ಹೆಂಡತಿಗೆ ತಿಥಿ ಮುಗಿಯುವ ಕ್ಷಣವಾದರೂ ಒಂದೇ. ಇದನ್ನು ಇವರಿಗೆ ಹೇಳಿದೆ. “ಸದ್ಯ, ಒಂದು ಅಪಾಯಿಂಟ್‌ಮೆಂಟಾದ್ರೂ ಇಬ್ಬರಿಗೂ ಹೊಂದಿಕೆ ಆಯ್ತು” ಅಂದರು.

ಬೆಳಗ್ಗೆ ಐದೂವರೆಗೇ ಪೂಜೆಗೆ ಕೂತೆ. ಮೈಸೂರಿನಲ್ಲಿ ನಾಲ್ಕು ಗಂಟೆ, ಇವರು ಕಾಲೇಜಿನಿಂದ ಆಗಷ್ಟೇ ಬಂದಿದ್ದರು. ನಮ್ಮತ್ತೆ ಮಗನ ಕಾಲು ತಾವೇ ತೊಳೆಸಿ, ಮಣೆಯ ಮೇಲೆ ಇಡಿಸಿ, ಫೋನನ್ನು ಕಾಲಿಗೇ ಗುರಿ ಇಟ್ಟು ಹಿಡಿದಿದ್ದರು. ಹಾಗಾಗಿ ಪೂಜೆ ಮುಗಿಯುವವರೆಗೂ ನಾನು ಗಂಡನ ಮುಖ ನೋಡಲಿಲ್ಲ. ಫೋನಿನ ಮುಂದೆ ಹೂವಿಟ್ಟೆ, ಅಕ್ಷತೆ ಹಾಕಿದೆ. ಭರತನಿಗಾದರೂ ಪಾದುಕೆ ಇತ್ತು. “ಹೆಬ್ಬೆರಳ ಉಗುರು ಕತ್ತರಿಸ್ಕೊಳ್ಳಿ” ಅಂದೆ. “ಆಶೀರ್ವಾದ ಬೇಕಾ ಬೇಡ್ವಾ?” ಅಂತ ಮಣೆಯ ಮೇಲಿನಿಂದ ದನಿ ಬಂತು. ನಮ್ಮತ್ತೆ, ಪೂಜೆ ಹೊತ್ತಲ್ಲಿ ತಮಾಷೆ ಬೇಡ ಅಂದರು. ಆ ಮೇಲೆ ಅವರೂ ನಕ್ಕರು.

ಏಳೂವರೆಗೆ ದೋಣಿ ಏರಬೇಕಿತ್ತು. ಬೇಸಿಗೆಯಲ್ಲಿ ನೀರಿನ ಮಾದರಿ ತೆಗೆಯುವುದಕ್ಕೆ ಹಬ್ಬ ಹರಿದಿನ ಇಲ್ಲ. ಪಾಚಿ ನಮ್ಮ ಪಂಚಾಂಗ ನೋಡಿಕೊಂಡು ಬೆಳೆಯುವುದಿಲ್ಲ. ಕೈಗೆ ದಾರ ಕಟ್ಟಿಕೊಂಡೇ ಹೋದೆ. ಕಪ್ಪು ಬಿಳುಪಿನ ಸೆಕ್ಕಿ ತಟ್ಟೆಯನ್ನು ಹಗ್ಗ ಕಟ್ಟಿ ಇಳಿಬಿಟ್ಟು, ಎಷ್ಟು ಆಳಕ್ಕೆ ಕಣ್ಮರೆಯಾಗುತ್ತದೆಂದು ಬರೆದುಕೊಳ್ಳಬೇಕು. 2009ರಲ್ಲಿ ಈ ಸರೋವರದಲ್ಲಿ ಕಂಡುಬಂದ ಮುಳ್ಳು ನೀರುಚಿಗಟ ಎಂಬ ಹೊರಗಿನ ಜೀವಿ, ಪಾಚಿ ತಿನ್ನುವ ಡ್ಯಾಫ್ನಿಯಾ ಎಂಬ ಪುಟ್ಟ ನೀರುಜೀವಿಗಳನ್ನು ತಿಂದು ಹಾಕಿ, ನೀರಿನ ತಿಳಿಯನ್ನು ಸುಮಾರು ಒಂದು ಮೀಟರಿನಷ್ಟು ಕೆಡಿಸಿದೆ. ನನ್ನ ಪ್ರಬಂಧದ ಒಂದು ಅಧ್ಯಾಯ ಅದರ ಮೇಲೆ, ಇನ್ನೂ ಅರ್ಧ. ಇನ್ನೊಂದು ಅರ್ಧ ಬರಹವೂ ಚೀಲದಲ್ಲಿತ್ತು: ದೀಪಾವಳಿ ವಿಶೇಷಾಂಕಕ್ಕೆ ಕೊಡಬೇಕಾದ ಕಥೆ, ತಿಂಗಳ ಕೊನೆಗೆ ಗಡುವು. ದೋಣಿಯ ಎಂಜಿನ್ ಸದ್ದಿನಲ್ಲಿ ಕನ್ನಡದ ಎರಡು ಸಾಲು ಹೊಳೆದರೆ ನೀರು ತಾಗಿದರೂ ಅಳಿಸದ ಲ್ಯಾಬಿನ ನೋಟುಬುಕ್ಕಿನ ಮೂಲೆಯಲ್ಲೇ ಬರೆದುಕೊಳ್ಳುತ್ತೇನೆ. ಮಾರ್ಗದರ್ಶಕರು ಅದನ್ನು ಸೂತ್ರವೆಂದುಕೊಂಡಿದ್ದಾರೆ.

ವಾಪಸು ಬಂದಾಗ ಹನ್ನೊಂದು ದಾಟಿತ್ತು. ಉಳಿದದ್ದು ಭಂಡಾರ, ಅಂದರೆ ಕಡುಬಿನೊಳಗೆ ನಾಣ್ಯ ಇಟ್ಟು ಹೊಸಿಲ ಮೇಲೆ ಅಣ್ಣತಮ್ಮಂದಿರಿಂದ ಒಡೆಸುವುದು. ಕಡುಬಿಗೆ ಕ್ವಾರ್ಟರ್, ಅಂದರೆ ಕಾಲು ಡಾಲರಿನ ನಾಣ್ಯ ಇಟ್ಟಿದ್ದೆ, 2004ರ ವಿಸ್ಕಾನ್ಸಿನ್ ನಾಣ್ಯ. ಅದರ ಮೇಲೆ ಹಸುವಿನ ತಲೆ, ಚೀಸಿನ ಗಾಲಿ, ಜೋಳದ ತೆನೆ ಇವೆ. ಹಸು ಇದೆಯಲ್ಲ, ಸಾಕು ಬಿಡು ಅಂದಿದ್ದರು ನಮ್ಮತ್ತೆ. ಹಣ್ಣು, ವೀಳ್ಯದೆಲೆ, ತೆಂಗಿನಕಾಯಿ ಎಲ್ಲ ಸಿಕ್ಕಿತ್ತು. ಎಲೆ ಮಾತ್ರ ಷಿಕಾಗೋದ ಡೆವನ್ ಅವೆನ್ಯೂಗೆ ಹೋಗಿದ್ದ ತೆಲುಗು ಹುಡುಗಿಯೊಬ್ಬಳು ತಂದುಕೊಟ್ಟಿದ್ದಳು. ಇಲ್ಲದ್ದು ಹೊಸಿಲು. ಇಲ್ಲಿನ ಬಾಗಿಲಿಗೆ ಕೆಳಗೊಂದು ತಗಡಿನ ಪಟ್ಟಿ ಇರುತ್ತದೆ, ಅದರ ಮೇಲೆ ಕಾರ್ಪೆಟ್ಟಿನ ಅಂಚು. ಊರ ಮನೆಯದು ಹಲಸಿನ ಮರದ ಎತ್ತರದ ಹೊಸಿಲು. ಎಡವದೆ ದಾಟುವುದನ್ನು ಕಲಿತ ಮೇಲೇ ನಮ್ಮನ್ನೆಲ್ಲ ದೊಡ್ಡವರು ಅಂತ ಲೆಕ್ಕಕ್ಕೆ ತೆಗೆದುಕೊಂಡದ್ದು. ಅದರ ಮೇಲೆ ಅಣ್ಣ ಮೊಣಕೈಯಿಂದ ಒಂದು ಕೊಟ್ಟರೆ ಕಡುಬು ಎರಡು ಹೋಳು. ತಗಡಿನ ಪಟ್ಟಿಯ ಮೇಲೆ ಯಾರ ಮೊಣಕೈಯನ್ನು ಕೇಳಲಿ?

ಪಕ್ಕದ ಮನೆಯಾಕೆ ಇರಾನಿನವಳು, ನನ್ನ ಹಾಗೇ ಪಿಎಚ್‌ಡಿ. ಜೂನಿನಲ್ಲಿ ಇಸ್ರೇಲ್ ಜೊತೆ ನಡೆದ ಯುದ್ಧದಲ್ಲಿ ಟೆಹರಾನಿಗೆ ಫೋನೂ ಇಲ್ಲ, ಇಂಟರ್‌ನೆಟ್ಟೂ ಇಲ್ಲ; ಆ ರಾತ್ರಿಗಳಲ್ಲಿ ಅವಳ ಅಡುಗೆಮನೆಯಲ್ಲಿ ಜೊತೆಗೆ ಕೂತು ಚಹಾ ಕುಡಿದಿದ್ದೆ, ಮಾಡಲು ಬೇರೇನೂ ಇರಲಿಲ್ಲ. ಅವಳಿಗೆ ನನ್ನ ಹೊಸಿಲಿನ ಕಷ್ಟ ಹೇಳಿದ್ದು ಬರೀ ಮಾತಿಗೆ. ಒಳಗೆ ಹೋದವಳು ತನ್ನಷ್ಟೇ ಅಗಲದ ಮರದ ಹಲಗೆ ಎತ್ತಿಕೊಂಡು ಬಂದಳು. ನಾನು ಬಾಯಿ ತೆರೆಯುವ ಮೊದಲೇ, “ಮಾಂಸ ಕೊಚ್ಚಿದ್ದಲ್ಲ, ರೊಟ್ಟಿ ಹಿಟ್ಟು ನಾದುವುದು” ಅಂದಳು. ನನ್ನ ಅಡುಗೆಮನೆಯನ್ನು ಎಷ್ಟು ದಿನದಿಂದ ಗಮನಿಸಿದ್ದಳೋ! ಹಲಗೆಯನ್ನು ಬಾಗಿಲಿಗೆ ಅಡ್ಡ ಇಟ್ಟು ಅರಿಶಿನ ಹಚ್ಚಿದೆ, ಎರಡೆಳೆ ರಂಗೋಲಿ ಎಳೆದೆ.

ಭಂಡಾರ ಒಡೆದದ್ದು ಅವಳ ಮಗ, ನಾಲ್ಕನೇ ಕ್ಲಾಸಿಗೆ ಹೋಗಬೇಕಾದವನು. ಸುತ್ತಿಗೆ ತರಲಾ ಅಂತ ಕೇಳಿದ. ಬೇಡಪ್ಪ, ಮೊಣಕೈ ಅಂದೆ. ಏಟು ಬಿತ್ತು, ಕ್ವಾರ್ಟರು ಮೆಟ್ಟಿಲಿಳಿದು ಓಡಿತು, ಹುಡುಗ ಹಿಂದೆಯೇ ಓಡಿದ. ದಕ್ಷಿಣೆ, ಎಲೆ ಅಡಿಕೆ ಕೊಟ್ಟೆ. ಎಲೆಯನ್ನು ಏನು ಮಾಡಬೇಕೆಂದು ತಿಳಿಯದೆ ಜೇಬಿಗಿಟ್ಟುಕೊಂಡ. ಅವನಮ್ಮ ತಟ್ಟೆಯಲ್ಲಿದ್ದ ಕುಂಕುಮ ತೋರಿಸಿ, ಅದು ನನಗೂ ಉಂಟಾ ಅಂದಳು. ಬಾರೇ ಅಂತ ಮಣೆಯ ಮೇಲೆ ಕೂರಿಸಿ, ಕೆನ್ನೆಗೆ ಅರಿಶಿನ, ಹಣೆಗೆ ಕುಂಕುಮ ಇಟ್ಟೆ, ಹೂವು ಕೊಟ್ಟೆ. ಮೂವರೂ ನೆಲದ ಮೇಲೆ ಕೂತು ತುಪ್ಪ ಹಾಕಿಕೊಂಡು ಕಡುಬು ತಿಂದೆವು.

80ನೇ ನಂಬರಿನ ಬಸ್ಸಿನಲ್ಲಿ ಲ್ಯಾಬಿಗೆ ಹೊರಟಾಗಲೇ ನೆನಪಾದದ್ದು, ಅವಳ ಗಂಡ ತೀರಿಹೋಗಿ ವರ್ಷಗಳಾಗಿವೆ. ನನಗೆ ಗೊತ್ತಿಲ್ಲದ ವಿಷಯವಲ್ಲ. ಕುಂಕುಮ ಇಡುವಾಗ ಕೈ ಅರೆಕ್ಷಣವೂ ತಡೆಯಲಿಲ್ಲ, ಅಷ್ಟೇ.

ಅವತ್ತಿನ ಮಿಕ್ಕ ಹೊತ್ತೆಲ್ಲ ಅಮ್ಮನದೇ ಆಯಿತು. ಪಾಚಿಯ ಹರಿತ್ತು ಕೆಡಬಾರದೆಂದು ಮಂದ ಬೆಳಕಿನಲ್ಲಿ ಶೋಧಿಸಬೇಕು. ಒಂದೊಂದೇ ಸೀಸೆ ಬಗ್ಗಿಸುತ್ತ ನಿಂತರೆ ತಲೆಗೆ ಬೇರೆ ಕೆಲಸವಿಲ್ಲ. ಅಪ್ಪ ಇದ್ದಾಗ ಭೀಮನ ಅಮಾವಾಸ್ಯೆ ಅಂದರೆ ಗದ್ದಲ. ತಟ್ಟೆಯಲ್ಲಿ ಕಾಲಿಟ್ಟುಕೊಂಡೇ ಪೇಪರ್ ಓದುತ್ತಿದ್ದರು, ಎಂಟೂಕಾಲಿನ ಬಸ್ಸು ತಪ್ಪತ್ತೆ ಕಣೇ ಅನ್ನುತ್ತಿದ್ದರು. ಅಮ್ಮ ಬೇಕೆಂದೇ ಮಂಗಳಾರತಿ ಹಾಡಿಗೆ ಇನ್ನೊಂದು ನುಡಿ ಸೇರಿಸುತ್ತಿದ್ದಳು. ನಾನು ಪಿಯುಸಿಯಲ್ಲಿದ್ದಾಗ ಅಪ್ಪ ಹೋದರು. ಆಮೇಲೂ ಹಬ್ಬ ನಿಲ್ಲಲಿಲ್ಲ. ಅಣ್ಣನ ಮದುವೆಯಾಯಿತು, ಅತ್ತಿಗೆ ಪೂಜೆಗೆ ಕೂತರು, ಆಮೇಲೆ ನಾನು.

ಮದುವೆಯಾದ ವರ್ಷ ಪೂಜೆ ತವರಿನಲ್ಲಿ. ನಡುಮನೆಯಲ್ಲಿ ಮಂಟಪ, ಅಡುಗೆಮನೆಯ ಬಾಗಿಲಾಚೆ ಅಮ್ಮ. ಯಾರೂ ಅವಳನ್ನು ಅಲ್ಲೇ ಇರು ಅನ್ನಲಿಲ್ಲ. ಅನ್ನಿಸಿಕೊಳ್ಳುವ ಮೊದಲೇ ಅಲ್ಲಿ ನಿಂತಿದ್ದಳು. ನಾಲ್ಕು ಗಂಟೆಗೆದ್ದು ತಂಬಿಟ್ಟು ಕಲಸಿದವಳು ಅವಳು, ಬತ್ತಿ ಹೊಸೆದವಳು, ದಾರಕ್ಕೆ ಗಂಟು ಎಣಿಸಿ ಹಾಕಿದವಳು. “ಎರಡು ದೀಪನೂ ಒಟ್ಟಿಗೆ ಹಚ್ಚು”, “ಅಕ್ಷತೆ ಅಷ್ಟು ಸುರೀಬೇಡ, ನೈವೇದ್ಯಕ್ಕೆ ಬೀಳತ್ತೆ” ಎಲ್ಲವನ್ನೂ ಆಚೆಯಿಂದಲೇ ಹೇಳುತ್ತಿದ್ದಳು. ಆವತ್ತಿನ ಫೋಟೋಗಳು ಫೋನಿನಲ್ಲಿವೆ. ನಾನಿದ್ದೇನೆ, ಇವರಿದ್ದಾರೆ, ಅತ್ತಿಗೆ, ಅಣ್ಣ, ನೆರೆಮನೆಯ ಹೆಂಗಸರು ಸಹ. ಅಮ್ಮನದು ಒಂದು ಕೈ, ಬಾಗಿಲಿನಿಂದ ಈಚೆಗೆ ಆರತಿ ತಟ್ಟೆ ಚಾಚಿರುವುದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸ್ತ್ರೀ ಸಮಾನತೆ ಬಗ್ಗೆ ಕಪ್ಪು ಗೆದ್ದವಳು ನಾನು. ಆವತ್ತು ನನ್ನ ಗಮನವೆಲ್ಲ ಸೀರೆಯ ನೆರಿಗೆ ಜಾರದಿರಲಿ ಎಂಬುದರ ಮೇಲಿತ್ತು. ಬಾರಮ್ಮ ಎನ್ನಲು ಒಂದು ಉಸಿರು ಸಾಕಿತ್ತು.

ಚೀಲದಲ್ಲಿದ್ದ ಕಥೆಯೂ ಅಲ್ಲೇ ನಿಂತಿದೆ. ಅದರಲ್ಲೂ ಬಾಗಿಲಾಚೆ ಒಬ್ಬಳು ಇದ್ದಾಳೆ. ಅವಳನ್ನು ನಡುಮನೆಗೆ ಕರೆತಂದರೆ ಭಾಷಣವಾಗುತ್ತದೆ, ಅಡುಗೆಮನೆಯಲ್ಲೇ ಬಿಟ್ಟರೆ ನನಗೇ ಸಹಿಸಲಾಗದು. ಯಾರದೋ ಹಣೆಗೆ ಇಷ್ಟು ಸಲೀಸಾಗಿ ಹೋದ ಕೈಗೆ ಸ್ವಂತ ಅಮ್ಮನ ವಿಷಯದಲ್ಲಿ ಇಡೀ ಊರು ಅಡ್ಡ ಬರುತ್ತದೆ. ಸಾವಿರಾರು ಮೈಲಿ ಆಚೆ, ನೋಡುವವರಿಲ್ಲದ ಕಡೆ ಧೈರ್ಯ ಮಾಡುವುದು ಅಂಥ ದೊಡ್ಡ ಧೈರ್ಯವೂ ಅಲ್ಲ.

2:10ಕ್ಕೆ ಇವರ ಮೆಸೇಜು ಬಂತು: “ಮುಗೀತು. ಮಲಗ್ಲಾ?” ಮಲಗಿ ಅಂತ ಬರೆದೆ. ಅವತ್ತು ಇನ್ನಷ್ಟು ಮಾತಾಡಬೇಕಿತ್ತು, ಆದರೆ ನಾಳೆ ಬೆಳಗ್ಗೆ ಅವರಿಗೆ ಮೊದಲ ಪೀರಿಯಡ್ಡೇ ಕ್ಲಾಸು.

ರಾತ್ರಿ ಒಂಬತ್ತಕ್ಕೆ ಅಮ್ಮನಿಗೆ ಫೋನು ಮಾಡಿದೆ. ಅಲ್ಲಿ ಶುಕ್ರವಾರದ ಬೆಳಗ್ಗೆ, ಶ್ರಾವಣ. ಮಳೆ ಜೋರಾಗಿದೆ, ಬಟ್ಟೆ ಒಣಗ್ತಿಲ್ಲ ಅಂದಳು. ತಂಬಿಟ್ಟಿನ ದೀಪ ಬಿರುಕು ಬಿಡ್ತಾ, ಬೆಲ್ಲದ ಪಾಕ ಗಟ್ಟಿ ಆಗಿತ್ತಾ, ಭಂಡಾರ ಒಡೆದ ಹುಡುಗನಿಗೆ ಊಟ ಹಾಕಿದ್ಯಾ ಅಂತೆಲ್ಲ ಕೇಳಿದಳು. ಹುಡುಗನ ಅಮ್ಮನಿಗೆ ಕುಂಕುಮ ಕೊಟ್ಟದ್ದನ್ನೂ ಹೇಳಿದೆ, ಅವಳ ಗಂಡ ಇಲ್ಲದ್ದನ್ನೂ.

ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಬಂತು.

“ಇಟ್ಕೊಂಡ್ಲಾ?”

“ಅವಳೇ ಕೇಳಿ ಇಡಿಸ್ಕೊಂಡ್ಲು.”

“ಚೆನ್ನಾಗಿ ಕಾಣ್ತಿತ್ತಾ?”

“ಹೂಂ. ತುಂಬಾ.” ಆಮೇಲೆ ಹೇಳಿಯೇಬಿಟ್ಟೆ. “ಅಮ್ಮ, ಮುಂದಿನ ಸಲ ಪೂಜೆಗೆ ಅಲ್ಲಿಗೇ ಬರ್ತೀನಿ. ನೀನು ನಡುಮನೆಯಲ್ಲಿ ನನ್ನ ಪಕ್ಕ ಕೂತ್ಕೋಬೇಕು.”

“ನನ್ನ ಮಂಡಿ ನೋವು ನಿಂಗೊತ್ತಿಲ್ವಾ? ಕೆಳಗೆ ಕೂರಕ್ಕಾಗಲ್ಲ.”

“ಕುರ್ಚಿ ಹಾಕ್ತೀನಿ.”

“ಕುರ್ಚಿ ಮೇಲೆ ಕೂತು ಪೂಜೆ ನೋಡೋಕೆ ನಾನೇನು ಗಂಡಿನ ಕಡೆ ಬೀಗಿತ್ತೀನಾ?” ಅಂದಳು. ನಕ್ಕಳು. ಆಮೇಲೆ, “ಬೆತ್ತದ್ದು ಬೇಡ, ಅದು ಕಿರ್ ಅನ್ನತ್ತೆ. ನಿಮ್ಮಪ್ಪಂದು ಆ ಮರದ್ದು ಹಾಕು” ಅಂತ ಹೇಳಿ, ಹಾಲು ಉಕ್ತಿದೆ ಅಂತ ಫೋನಿಟ್ಟಳು.