ಡ್ರೈನ್ ತೆಗೆದ ದಿನ

ಎರಡೂ ಸ್ತನ ತೆಗೆಸಿಕೊಂಡ ಆಪರೇಷನ್ ಆಗಿ 11ನೇ ದಿನ. ನನ್ನ ಎರಡೂ ಪಕ್ಕೆಗಳಲ್ಲಿ ಬಲ್ಬಿನಂಥ ಸಣ್ಣ ಪ್ಲಾಸ್ಟಿಕ್ ಡಬ್ಬಿಗಳು ನೇತಾಡುತ್ತಿದ್ದವು. ಗಾಯದ ಒಳಗೆ ಸೇರುವ ನೀರು ನಳಿಕೆಯಲ್ಲಿ ಇಳಿದು ಅವುಗಳಲ್ಲಿ ತುಂಬುತ್ತದೆ. ಇದಕ್ಕೇ ಡ್ರೈನ್ ಅನ್ನುತ್ತಾರೆ. ದಿನಕ್ಕೆ ಎರಡು ಸಲ ಖಾಲಿ ಮಾಡಿ, ಅಳತೆ ಬರೆದಿಡುವುದು ಮಗಳ ಕೆಲಸ. ಅವಳಿಗೆ 16 ವರ್ಷ. ಹಳೇ ನೋಟ್‌ಬುಕ್ಕಿನಲ್ಲಿ 'ಎಡ', 'ಬಲ' ಅಂತ ಬರೆದು ಕೆಳಗೆ ಲೆಕ್ಕ ಇಡುತ್ತಿದ್ದಳು. 80, 65, 40. ದಿನಕ್ಕೆ 30 ಮಿಲಿಗಿಂತ ಕಡಿಮೆ ಆದರೆ ತೆಗೆಯೋಣ ಅಂದಿದ್ದರು ಡಾಕ್ಟರು. ಹಿಂದಿನ ದಿನ ಎಡಕ್ಕೆ 25, ಬಲಕ್ಕೆ 20 ಬಂದಿತ್ತು.

ಹೊರಡೋ ಹೊತ್ತಿಗೆ ಸರಿಯಾಗಿ ಸೋದರತ್ತೆ ನೋಡಲು ಬಂದರು. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, ಮೆತ್ತಗೆ ಕೇಳಿದರು. "ರೋಗಾನೇ ಇರಲಿಲ್ಲವಂತೆ. ಮತ್ಯಾಕೆ ತೆಗೆಸಿಕೊಂಡೆ? ಆ ಸಿನಿಮಾ ನಟಿ ಮಾಡಿಸಿಕೊಂಡಳು ಅಂತಾನಾ?"

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆಂಜಲೀನಾ ಜೋಲಿ 2013ರಲ್ಲಿ ತಮ್ಮ ಆಪರೇಷನ್ ಬಗ್ಗೆ ಬರೆದಿದ್ದು ಅವರಿಗೆ ನೆನಪಿತ್ತು. ಜೋಲಿಗೆ ಇದ್ದಿದ್ದು ಬಿಆರ್‌ಸಿಎ1 ಜೀನಿನ ದೋಷ. ನನಗೂ ಅದೇ. ಈ ದೋಷ ಇರುವ ನೂರು ಹೆಂಗಸರಲ್ಲಿ 60ಕ್ಕೂ ಜಾಸ್ತಿ ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಸ್ತನ ಕ್ಯಾನ್ಸರ್ ಬರುತ್ತದೆ. ಎರಡೂ ಸ್ತನ ಮೊದಲೇ ತೆಗೆಸಿದರೆ ಆ ಅಪಾಯ ಶೇಕಡಾ 90ರಷ್ಟು ತಗ್ಗುತ್ತದೆ. ಪೂರ್ತಿ ಹೋಗುವುದಿಲ್ಲ. ಅಮ್ಮನನ್ನು 43ಕ್ಕೆ ಕಳೆದುಕೊಂಡೆವು. ಅಕ್ಕನಿಗೆ 38ಕ್ಕೆ ಬಂತು. ಇಷ್ಟನ್ನೂ ಹೇಳಿದೆ. ಅವರು ತಲೆ ಆಡಿಸಿದರು. ಆದರೆ ಕಣ್ಣು ಮಾತ್ರ ನನ್ನ ಚಪ್ಪಟೆ ಎದೆಯ ಮೇಲೇ ಇತ್ತು.

ಡ್ರೈನ್ ಎಳೆಯುವಾಗ ನರ್ಸ್ ಉಸಿರು ಬಿಡಿ ಅಂದರು. ಒಳಗಿಂದ ಹಾವು ಜಾರಿದ ಹಾಗಾಯಿತು, ಅಷ್ಟೇ. ಲ್ಯಾಬ್ ರಿಪೋರ್ಟೂ ಆವತ್ತೇ ಕೈಗೆ ಬಂತು. ತೆಗೆದ ಭಾಗದಲ್ಲಿ ಕ್ಯಾನ್ಸರ್ ಇರಲಿಲ್ಲ. ಗಂಡನ ಮುಖ ಅರಳಿತು. ನನಗೂ ಸಂತೋಷವೇ. ಆದರೂ ಕಾರಿನಲ್ಲಿ ಅಳು ತಡೆಯಲಾಗಲಿಲ್ಲ. ಚೆನ್ನಾಗಿದ್ದುದನ್ನೇ ಕೊಟ್ಟುಬಿಟ್ಟೆನಲ್ಲ ಅನ್ನಿಸಿತು. ಮಗಳಿಗೆ ಹಾಲು ಕುಡಿಸಿದ ಮೊಲೆಗಳು. "ಒಳ್ಳೇ ಸುದ್ದಿಗೆ ಯಾರಾದರೂ ಅಳ್ತಾರಾ?" ಅಂದರು ಗಂಡ. ಏನು ಹೇಳೋದು? ಕಾಯಿಲೆ ಇದ್ದವರು ಅತ್ತರೆ ಜನ ಪಕ್ಕದಲ್ಲಿ ಕೂರುತ್ತಾರೆ. ನಾನು ರೋಗಿಯಲ್ಲ, ಹಾಗಂತ ಮೊದಲಿನ ಹಾಗೂ ಇಲ್ಲ.

ಅಕ್ಕನ ಮುಂದೆಯಂತೂ ಅಳುವ ಹಕ್ಕೇ ನನಗಿಲ್ಲ ಅಂದುಕೊಂಡಿದ್ದೆ. ಕೀಮೋದಲ್ಲಿ ಕೂದಲೆಲ್ಲ ಹೋಗಿ, ತಿಂದದ್ದು ನಿಲ್ಲದೆ ಅವಳು ಪಟ್ಟ ಪಾಡನ್ನು ಕಣ್ಣಾರೆ ಕಂಡವಳು ನಾನು. ಅವಳ ದೆಸೆಯಿಂದಲೇ ನನಗೆ ಜೀನ್ ಟೆಸ್ಟ್ ಆಗಿದ್ದು. ಸಂಜೆ ಫೋನ್ ಮಾಡಿದಳು. ನನ್ನ ದನಿ ಕೇಳಿದ್ದೇ ಗೊತ್ತಾಗಿಹೋಯಿತು. "ಅತ್ತುಬಿಡು ಕಣೇ," ಅಂದಳು. "ನಾನೂ ಎಷ್ಟೋ ದಿನ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ." ಅಷ್ಟು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ ಅವಳು. ಇಬ್ಬರೂ ಅತ್ತೆವು.

ರಾತ್ರಿ ಮಗಳು ಪಕ್ಕದಲ್ಲಿ ಕೂತು ಮೆಲ್ಲಗೆ ನನ್ನ ಎದೆಗೆ ತಲೆ ಒರಗಿಸಿದಳು. ಡ್ರೈನ್ ಇರೋವರೆಗೂ ಹತ್ತಿರ ಬರಲು ಹೆದರುತ್ತಿದ್ದಳು. ಅವಳ ಕೂದಲು ನನ್ನ ಎದೆ ಮೇಲೆ ಹರಡಿದ್ದು ಕಾಣುತ್ತಿತ್ತು. ಚರ್ಮಕ್ಕೆ ಗೊತ್ತಾಗುತ್ತಿರಲಿಲ್ಲ. ಅವಳ ಕೆನ್ನೆಯ ಬಿಸಿಯೂ ಇಲ್ಲ. ಭಾರ ಮಾತ್ರ ಬೆನ್ನಿಗೆ ತಾಕುತ್ತಿತ್ತು. ಸ್ಪರ್ಶ ಹೋಗುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಅದು ಹೀಗೆ ಅಂತ ತಿಳಿದಿರಲಿಲ್ಲ. ಅವಳ ನೆತ್ತಿಗೆ ಕೆನ್ನೆ ತಾಗಿಸಿದೆ. ಅಲ್ಲಿ ಬಿಸಿ ಸಿಕ್ಕಿತು.

"ನೋಯ್ತಿದೆಯಾಮ್ಮಾ?"

"ಇಲ್ಲ ಪುಟ್ಟಾ."

ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು. "ನಂಗೂ ಇರಬಹುದಾ?"

ಈ ಪ್ರಶ್ನೆಗೆ ತಿಂಗಳುಗಟ್ಟಲೆ ಹೆದರಿದ್ದೆ. ಸುಳ್ಳು ಹೇಳಲಿಲ್ಲ. ಆ ಜೀನಿನ ದೋಷ ನಿನಗೆ ಇರೋದಕ್ಕೂ ಇಲ್ಲದಿರೋದಕ್ಕೂ ಸಮಸಮ ಸಾಧ್ಯತೆ, 18 ಆದಮೇಲೆ ಟೆಸ್ಟ್ ಮಾಡಿಸಬೇಕೋ ಬೇಡವೋ ನೀನೇ ಯೋಚನೆ ಮಾಡು ಅಂದೆ.

"ಹಾಗಾದ್ರೆ ಇನ್ನೂ ಎರಡು ವರ್ಷ ಇದೆ ಅಲ್ವಾ," ಅಂದಳು. ತಲೆ ಎತ್ತಲಿಲ್ಲ.