ಕೆಡವುವ ಮೊದಲು ಹೇಳಬೇಕಾದ ಮಾತು: ಈಗಲೇ ಮನೆ ಬಿಡಬೇಡಿ

ಅಮೆರಿಕದ ಒಂದು ಊರಿನಲ್ಲಿ ನನ್ನ ಕೆಲಸ. ಪಾಳುಬಿದ್ದ ಅಪಾರ್ಟ್‌ಮೆಂಟ್‌ಗಳನ್ನು ಕೆಡವಿ, ಅದೇ ಜಾಗದಲ್ಲಿ ಸಂಸಾರಸ್ಥರಿಗೆ ಹೊಸ ಮನೆ ಕಟ್ಟುವ ಯೋಜನೆ. ನಕ್ಷೆ, ಗುತ್ತಿಗೆ ಬೇರೆಯವರು ನೋಡಿಕೊಳ್ಳುತ್ತಾರೆ. ಅಲ್ಲಿರುವವರಿಗೆ ಬೇರೆ ಮನೆ ಹುಡುಕಿಕೊಡುವುದು, ಹೊಸ ಮನೆ ಎದ್ದ ಮೇಲೆ ವಾಪಸ್ ಕರೆಸುವುದು ನನ್ನ ಪಾಲು.

ಹೊರಗಿನವರಿಗೆ ಅಂಥ ಕಟ್ಟಡ ಖಾಲಿ ಅನಿಸುತ್ತದೆ. ಅರ್ಧ ಕಿಟಕಿಗೆ ಹಲಗೆ ಹೊಡೆದಿರುತ್ತಾರೆ, ಮೆಟ್ಟಿಲ ಹತ್ತಿರ ದೀಪ ಇರುವುದಿಲ್ಲ. ಆದರೆ ಒಳಗೆ ಜನ ಇರುತ್ತಾರೆ. ಒಬ್ಬ ಅಜ್ಜಿಯ ಅಡುಗೆಮನೆ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಸಿಂಕ್ ಕೆಳಗೆ ಬಕೆಟ್, ಗೋಡೆ ಮೂಲೆಯಲ್ಲಿ ಕಪ್ಪು ಬೂಷ್ಟು, ಫ್ರಿಜ್ ಬಾಗಿಲಿಗೆ ಅಂಟಿಸಿದ ನಮ್ಮ ನೋಟಿಸ್. ಪಕ್ಕದಲ್ಲೇ ಸಾಮಾನು ತುಂಬಿದ ಪೆಟ್ಟಿಗೆಗಳು. "ಕೆಡವ್ತಾರಂತಲ್ಲ, ತಂಗಿ ಮನೆಗೆ ಹೋಗಿಬಿಡ್ತೀನಿ" ಅಂದರು. "ದಯವಿಟ್ಟು ಈಗಲೇ ಹೋಗಬೇಡಿ, ಹೋದರೆ ನಿಮಗೆ ಬರಬೇಕಾದ ದುಡ್ಡು ಬರದೆ ಹೋಗಬಹುದು" ಅಂದೆ.

ಇದು ಉತ್ಪ್ರೇಕ್ಷೆ ಅಲ್ಲ. ಕೇಂದ್ರ ಸರ್ಕಾರದ ಹಣ ಸೇರಿದ ಯೋಜನೆಗಳಿಗೆ 1970ರ ಸ್ಥಳಾಂತರ ಕಾಯ್ದೆ ಅನ್ವಯಿಸುತ್ತದೆ. ಅದರ ಪ್ರಕಾರ ಅರ್ಹ ಬಾಡಿಗೆದಾರರಿಗೆ ಮನೆ ಬಿಡುವ ಮೊದಲು ಕನಿಷ್ಠ 90 ದಿನ ಸಮಯ ಕೊಡಬೇಕು. ಸಾಮಾನು ಸಾಗಿಸುವ ಖರ್ಚು ಕೊಡಬೇಕು. ಹೊಸ ಜಾಗದಲ್ಲಿ ಬಾಡಿಗೆ ಜಾಸ್ತಿಯಾದರೆ, ಒಂದು ಮಿತಿಯೊಳಗೆ, ಆ ವ್ಯತ್ಯಾಸವನ್ನು 42 ತಿಂಗಳಿಗೆ ಲೆಕ್ಕ ಹಾಕಿ ಕೊಡಬೇಕು. ಆದರೆ ಮೊದಲ ನೋಟಿಸ್ ಆದಮೇಲೆ ಬರುವ, "ನೀವು ಇದಕ್ಕೆ ಅರ್ಹರು" ಅನ್ನುವ ಪತ್ರ ಕೈಗೆ ಸಿಗುವ ಮೊದಲೇ ಹೊರಟವರಿಗೆ ಸಾಮಾನ್ಯವಾಗಿ ಇದ್ಯಾವುದೂ ಸಿಗುವುದಿಲ್ಲ. ಸುದ್ದಿ ಮಾತ್ರ ಪತ್ರಕ್ಕಿಂತ ಮೊದಲೇ ಹಬ್ಬಿರುತ್ತದೆ. ಹೆದರಿ ಮೊದಲು ಜಾಗ ಖಾಲಿ ಮಾಡುವವರು ಯಾರು ಹೇಳಿ? ಕೈಯಲ್ಲಿ ಏನೂ ಇಲ್ಲದವರೇ ಅಲ್ವಾ?

ಹಾಗಾಗಿ ಮೊದಲ ನೋಟಿಸ್ ಅಂಚೆಯಲ್ಲಿ ಕಳಿಸಿ ಕೂರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬಾಗಿಲು ತಟ್ಟಬೇಕು, ಎದುರು ಕೂತು ಓದಿ ಹೇಳಬೇಕು. "ಈಗಲೇ ಮನೆ ಬಿಡಬೇಡಿ" ಅನ್ನುವ ಸಾಲು ದಪ್ಪ ಅಕ್ಷರದಲ್ಲಿ ಮೇಲೆಯೇ ಇರಬೇಕು, ಕಾನೂನಿನ ಮಾತು ಆಮೇಲೆ.

ಇನ್ನೊಂದು, ಬೆಡ್‌ರೂಮ್ ಲೆಕ್ಕ. ಸಭೆಗಳಲ್ಲಿ ಎಲ್ಲರೂ ಎಷ್ಟು ಮನೆ ಹೋಯಿತು, ಎಷ್ಟು ಬಂತು ಅಂತ ಕೇಳುತ್ತಾರೆ. ಅದು ಸಾಲದು. ಒಂದು ಬೆಡ್‌ರೂಮಿನ ಮನೆಗಳನ್ನೆಲ್ಲ ತೆಗೆದು ಮೂರು ಬೆಡ್‌ರೂಮಿನವು ಕಟ್ಟಿದರೆ ಮಕ್ಕಳಿರುವವರಿಗೆ ಸಂತೋಷ, ಒಂಟಿ ಅಜ್ಜಿಗೆ ಜಾಗವೇ ಇಲ್ಲ. ಅಂಥವರಿಗೆ ನೆಲಮಹಡಿಯಲ್ಲಿ ಕೆಲವು ಚಿಕ್ಕ ಮನೆ ಬೇಕೇ ಬೇಕು ಅಂತ ನಕ್ಷೆ ಬರೆಯುವಾಗಲೇ ಹಠ ಹಿಡಿಯಬೇಕು. ನಕ್ಷೆಗೆ ಮಂಜೂರಾತಿ ಸಿಕ್ಕ ಮೇಲೆ ಕೂಗಿದರೆ ಯಾರೂ ಕೇಳುವುದಿಲ್ಲ.

ಸೇಂಟ್ ಲೂಯಿಸ್ ನಗರದ ಪ್ರುಯಿಟ್-ಐಗೋ ಅನ್ನುವ ಸರ್ಕಾರಿ ವಸತಿ ಸಮುಚ್ಚಯದ ಬಗ್ಗೆ ಈ ಕೆಲಸದಲ್ಲಿರುವವರೆಲ್ಲ ಕೇಳಿರುತ್ತಾರೆ. 11 ಅಂತಸ್ತಿನ 33 ಕಟ್ಟಡಗಳು. 1972ರಲ್ಲಿ ಕೆಡವಲು ಶುರು ಮಾಡಿದರು. ಆಮೇಲೆ ಆ ಜಾಗದ ಬಹುಪಾಲು ದಶಕಗಟ್ಟಲೆ ಗಿಡಗಂಟಿ ಬೆಳೆದು ಖಾಲಿ ಬಿದ್ದಿತ್ತು. ಪಾಳುಬಿದ್ದ ಸರ್ಕಾರಿ ವಸತಿಗಳನ್ನು ಕೆಡವಿ ಹೊಸದಾಗಿ ಕಟ್ಟಲು ಕೇಂದ್ರ ಸರ್ಕಾರ 1992ರಿಂದ ಶುರು ಮಾಡಿದ ಹೋಪ್ ಸಿಕ್ಸ್ ಯೋಜನೆಯಲ್ಲಿ ಹಾಗಾಗಲಿಲ್ಲ, ಎಷ್ಟೋ ಊರುಗಳಲ್ಲಿ ಚಂದದ ಸಾಲು ಮನೆಗಳು ಬಂದವು. ಆದರೆ ಕೆಡವಿದಷ್ಟೇ ಸರ್ಕಾರಿ ಮನೆ ಕಟ್ಟಲೇಬೇಕು ಅನ್ನುವ ನಿಯಮವನ್ನು 1998ರಲ್ಲಿ ಕಾನೂನಿನಿಂದಲೇ ತೆಗೆದರು. ಹಳೆಯ ನಿವಾಸಿಗಳಲ್ಲಿ ತುಂಬಾ ಜನ ವಾಪಸ್ ಬರಲೇ ಇಲ್ಲ.

ವಾಪಸ್ ಬರುವ ಹಕ್ಕು ಕಾಗದದಲ್ಲಿ ಇದ್ದರೂ, ಜನ ಕೈಗೆ ಸಿಗಬೇಕಲ್ಲ. ಕಟ್ಟಲು ವರ್ಷಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಫೋನ್ ನಂಬರ್ ಬದಲಾಗುತ್ತದೆ, ಮಕ್ಕಳು ಹೊಸ ಶಾಲೆಗೆ ಹೊಂದಿಕೊಳ್ಳುತ್ತಾರೆ. ಅದಕ್ಕೇ ಪ್ರತಿ ಮನೆಯವರಿಂದಲೂ ಜಾಗ ಬದಲಿಸದ ಒಬ್ಬ ನೆಂಟರ ನಂಬರ್ ಬರೆದುಕೊಳ್ಳುತ್ತೇನೆ. ಆಗಾಗ ಫೋನ್ ಮಾಡುತ್ತೇನೆ, ಹೇಳುವುದಕ್ಕೆ ಹೊಸದೇನೂ ಇಲ್ಲದಿದ್ದರೂ. ಪಕ್ಕದಲ್ಲಿ ಖಾಲಿ ಸೈಟ್ ಸಿಕ್ಕರಂತೂ ಇನ್ನೂ ಒಳ್ಳೆಯದು: ಮೊದಲು ಅಲ್ಲಿ ಕಟ್ಟಿ, ಜನರನ್ನು ನೇರವಾಗಿ ಹೊಸ ಮನೆಗೇ ಕಳಿಸಿ, ಆಮೇಲೆ ಹಳೆಯದನ್ನು ಕೆಡವಬಹುದು. ಕೆಲಸ ನಿಧಾನವಾಗುತ್ತದೆ, ಗುತ್ತಿಗೆದಾರರು ಗೊಣಗುತ್ತಾರೆ. ಆದರೂ ಪ್ರತಿ ಯೋಜನೆಯ ಮೊದಲ ಸಭೆಯಲ್ಲೂ ನಾನು ಕೇಳುವುದು ಅದನ್ನೇ.