ಪ್ರತಿ ಮಾತ್ರೆಗೂ ಅದರದೇ ಗಡಿಯಾರ

ಮನೋರೋಗ ವಿಭಾಗಕ್ಕೆ ಬಂದ ಹೊಸತರಲ್ಲಿ, ಔಷಧಿ ಕೊಡುವುದೆಂದರೆ ಟ್ರಾಲಿ ತಳ್ಳಿಕೊಂಡು ಹೋಗಿ, ಹೆಸರು ಕೇಳಿ, ಚಾರ್ಟ್ ನೋಡಿ, ಮಾತ್ರೆ ನುಂಗಿಸಿ, ಸಹಿ ಹಾಕುವುದು ಎಂದೇ ನಾನು ತಿಳಿದಿದ್ದೆ. ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ನೋವಿಗೆ ಇಂಜೆಕ್ಷನ್ ಕೊಟ್ಟು, ಅರ್ಧ ಗಂಟೆಯೊಳಗೆ ರೋಗಿಯ ಮುಖ ಸಡಿಲವಾಗುವುದನ್ನು ಕಂಡು ರೂಢಿಯಾಗಿದ್ದ ನನಗೆ, ಕೊಟ್ಟ ಔಷಧಿ ವಾರಗಟ್ಟಲೆ ಏನನ್ನೂ ಮಾಡದಂತೆ ತೋರುವ ಈ ವಿಭಾಗದಲ್ಲಿ ಕೈ ಕಟ್ಟಿಹಾಕಿದಂತೆ ಆಗುತ್ತಿತ್ತು. ಖಿನ್ನತೆಗೂ, ಖಿನ್ನತೆಯೂ ಮಿತಿಮೀರಿದ ಉತ್ಸಾಹದ ಉನ್ಮಾದವೂ ಬಂದುಹೋಗುವ ಬೈಪೋಲಾರ್ ಕಾಯಿಲೆಗೂ ಕೊಡುವ ಒಂದೊಂದು ಔಷಧಿಗೂ ಅದರದೇ ಗಡಿಯಾರವಿದೆ, ನರ್ಸ್‌ನ ಕೆಲಸದ ಬಹುಪಾಲು ಇರುವುದು ಆ ಗಡಿಯಾರವನ್ನು ಓದುವುದರಲ್ಲಿ ಎಂಬುದು ಅರ್ಥವಾಗಲು ನನಗೆ ಕೆಲವು ವರ್ಷಗಳೇ ಹಿಡಿದವು.

ಖಿನ್ನತೆಗೆ ಇಂದು ಸಾಮಾನ್ಯವಾಗಿ ಮೊದಲು ಬರೆಯುವುದು, ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳನ್ನು: ಫ್ಲುಯೊಕ್ಸೆಟಿನ್, ಸರ್ಟ್ರಾಲಿನ್, ಎಸಿಟಾಲೋಪ್ರಾಮ್ ಮುಂತಾದವು. ಇವುಗಳ ತೊಡಕೆಂದರೆ ತೊಂದರೆ ಮೊದಲು ಬರುತ್ತದೆ, ಉಪಕಾರ ತಡವಾಗಿ ಬರುತ್ತದೆ. ವಾಕರಿಕೆ, ತಲೆನೋವು, ಸಡಿಲ ಭೇದಿ, ಚಡಪಡಿಕೆ ಮೊದಲ ವಾರದಲ್ಲೇ ಕಾಣಿಸಿಕೊಳ್ಳುತ್ತವೆ. ಮನಸ್ಸು ಹಗುರವಾಗಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ಣ ಪರಿಣಾಮಕ್ಕೆ ಆರರಿಂದ ಎಂಟು ವಾರಗಳೂ ಹಿಡಿಯಬಹುದು. ಈ ನಡುವಿನ ದಿನಗಳಲ್ಲೇ ಅನೇಕರು ಮಾತ್ರೆ ಬಿಟ್ಟುಬಿಡುತ್ತಾರೆ. ಮೊದಲೇ ತನ್ನಿಂದ ಏನೂ ಸರಿಹೋಗದು ಎಂದು ನಂಬಿರುವ ವ್ಯಕ್ತಿಗೆ, ಹತ್ತು ದಿನ ಮಾತ್ರೆ ನುಂಗಿಯೂ ಹೊಟ್ಟೆ ತೊಳಸುವುದಷ್ಟೇ ಉಳಿದರೆ, ಆ ನಂಬಿಕೆಗೆ ಇನ್ನೊಂದು ಸಾಕ್ಷಿ ಸಿಕ್ಕಂತಾಗುತ್ತದೆ. ಆದ್ದರಿಂದ ಮೊದಲ ಮಾತ್ರೆ ಕೊಡುವಾಗಲೇ ನಾನು ಹೇಳುತ್ತೇನೆ: "ಮೊದಲ ವಾರ ಇದು ನಿಮಗೆ ತೊಂದರೆಯನ್ನೇ ಕೊಡಬಹುದು, ಅದು ಹೆಚ್ಚಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ಒಳ್ಳೆಯದಾಗುವುದು ಆಮೇಲೆ." ಮುಂಚೆ ತಿಳಿಸಿದ ವಾಕರಿಕೆಯನ್ನು ಜನ ಸಹಿಸಿಕೊಳ್ಳುತ್ತಾರೆ, ತಿಳಿಸದೆ ಬಂದದ್ದನ್ನು ಸಹಿಸುವುದಿಲ್ಲ. ಲೈಂಗಿಕ ಆಸಕ್ತಿ ಕುಗ್ಗುವ ಸಂಗತಿಯನ್ನು ನಮ್ಮಲ್ಲಿ ಹಲವರು ನಾಚಿಕೆಯಿಂದ ಹೇಳದೆ ಬಿಡುತ್ತಾರೆ. ಅದು ತಪ್ಪು ಎಂದು ನನ್ನ ಅಭಿಪ್ರಾಯ. ರೋಗಿ ತಾನಾಗಿ ಕೇಳಲಾರ, ಆದರೆ ಅದೇ ಕಾರಣಕ್ಕೆ ಮಾತ್ರೆ ನಿಲ್ಲಿಸಬಲ್ಲ.

ಇದೇ ವಾರಗಳಲ್ಲಿ ಇನ್ನೊಂದು ಅಪಾಯವೂ ಇದೆ. ಖಿನ್ನತೆ ತೀವ್ರವಾಗಿರುವಾಗ ಎದ್ದು ಕೂರಲೂ ತ್ರಾಣವಿಲ್ಲದ ವ್ಯಕ್ತಿಗೆ, ಮನಸ್ಸಿನ ಕತ್ತಲೆ ಕರಗುವ ಮುಂಚೆಯೇ ಕೈಕಾಲಿಗೆ ಕಸುವು ಬರಬಹುದು. ಸಾಯಬೇಕೆಂಬ ಯೋಚನೆ ಇನ್ನೂ ಇದ್ದು, ಅದನ್ನು ನಡೆಸುವ ಶಕ್ತಿ ಮಾತ್ರ ಮರಳಿದ ದಿನಗಳವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2004ರಲ್ಲಿ ಮಕ್ಕಳು ಮತ್ತು ಹದಿಹರೆಯದವರ ವಿಷಯದಲ್ಲಿ ಖಿನ್ನತೆಯ ಔಷಧಿಗಳ ಮೇಲೆ ಅತಿ ಗಂಭೀರ ಎಚ್ಚರಿಕೆಯನ್ನು ಮುದ್ರಿಸುವಂತೆ ಮಾಡಿ, 2007ರಲ್ಲಿ ಅದನ್ನು 24 ವರ್ಷದವರೆಗಿನ ತರುಣರಿಗೂ ವಿಸ್ತರಿಸಿತು. ಎಳೆಯರಿಗೆ ಈ ಔಷಧಿ ಕೊಡಲೇಬಾರದು ಎಂದು ಅದರ ಅರ್ಥವಲ್ಲ. ಶುರುವಿನಲ್ಲಿಯೂ ಡೋಸ್ ಬದಲಾದಾಗಲೂ ಅವರನ್ನು ಹೆಚ್ಚು ಹತ್ತಿರದಿಂದ ಗಮನಿಸಬೇಕು ಎಂದರ್ಥ. "ಸತ್ತುಹೋಗಬೇಕು ಎಂದು ಅನ್ನಿಸುತ್ತಿದೆಯೇ?" ಎಂದು ನೇರವಾಗಿ ಕೇಳಲು ನನಗೂ ಮೊದಲು ಅಂಜಿಕೆಯಿತ್ತು. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದಿಲ್ಲ. ಕೇಳಿದಾಗ ಹಲವರು ಉಸಿರು ಬಿಟ್ಟು ಮಾತನಾಡತೊಡಗುತ್ತಾರೆ.

ಮಾತ್ರೆ ನುಂಗಿದ ಮೇಲೆ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿ ಎನ್ನುವುದು ಅವಮಾನವೆಂದು ಕೆಲವರಿಗೆ ಅನ್ನಿಸುತ್ತದೆ, ನಿಜ. ಆದರೆ ಅಮಿಟ್ರಿಪ್ಟಿಲಿನ್, ಇಮಿಪ್ರಮಿನ್‌ನಂತಹ ಖಿನ್ನತೆಯ ಹಳೆಯ ಟ್ರೈಸೈಕ್ಲಿಕ್ ಗುಂಪಿನ ಮಾತ್ರೆಗಳನ್ನು ದವಡೆಯ ಸಂದಿಯಲ್ಲಿ ಅಡಗಿಸಿ ಕೂಡಿಟ್ಟು ಒಮ್ಮೆಲೇ ನುಂಗಿದರೆ ಹೃದಯದ ಲಯವೇ ಕೆಟ್ಟು ಸಾವು ಬರಬಹುದು. ಎಸ್‌ಎಸ್‌ಆರ್‌ಐಗಳು ಆ ಮಟ್ಟಿಗೆ ಕಡಿಮೆ ಅಪಾಯದವು. ಅವು ಮೊದಲ ಆಯ್ಕೆಯಾಗಲು ಅದೂ ಒಂದು ಮುಖ್ಯ ಕಾರಣ.

ಇನ್ನು ಬೈಪೋಲಾರ್ ಕಾಯಿಲೆ. ಖಿನ್ನತೆಯಿಂದ ಬಂದ ವ್ಯಕ್ತಿಗೆ ಹಿಂದೆಂದಾದರೂ ಉನ್ಮಾದ ಬಂದಿತ್ತೇ ಎಂಬುದು ಯಾರಿಗೂ ತಿಳಿಯದಿದ್ದಾಗ, ಖಿನ್ನತೆಯ ಔಷಧಿಯನ್ನಷ್ಟೇ ಕೊಟ್ಟರೆ ಮನಸ್ಥಿತಿ ಇನ್ನೊಂದು ತುದಿಗೆ ಜಿಗಿಯಬಹುದು. ಒಬ್ಬ ರೋಗಿ ಹತ್ತನೆಯ ದಿನದ ಹೊತ್ತಿಗೆ ಎಲ್ಲರೊಡನೆ ನಗುತ್ತ, ಬೇರೆ ರೋಗಿಗಳಿಗೆ ಧೈರ್ಯ ಹೇಳುತ್ತ ಓಡಾಡತೊಡಗಿದಾಗ ಹಗಲಿನವರೆಲ್ಲ ಔಷಧಿ ಹಿಡಿಯಿತೆಂದು ಸಂತೋಷಪಟ್ಟರು. ರಾತ್ರಿಯ ನಿದ್ದೆಯ ಪಟ್ಟಿಯಲ್ಲಿ ಮಾತ್ರ ಐದು ಗಂಟೆ, ಮೂರೂವರೆ, ಎರಡು ಎಂದು ಇಳಿಯುತ್ತಿದ್ದ ಅಂಕಿಗಳಿದ್ದವು; ಎರಡು ಗಂಟೆ ಮಲಗಿ ಎದ್ದವರಲ್ಲಿ ಆಯಾಸದ ಸುಳಿವೇ ಇರಲಿಲ್ಲ. ನಿದ್ದೆ ಬಾರದೆ ಬಳಲುವುದು ಬೇರೆ, ನಿದ್ದೆಯೇ ಬೇಡವೆನಿಸುವುದು ಬೇರೆ. ಆ ಪಟ್ಟಿಯನ್ನು ವೈದ್ಯರ ಮುಂದೆ ಇಟ್ಟ ದಿನವೇ ಚಿಕಿತ್ಸೆ ಬದಲಾಯಿತು. ನಿದ್ದೆಯ ಪಟ್ಟಿ ತುಂಬುವುದನ್ನು ಬೇಸರದ ಕೆಲಸವೆಂದು ಕಾಣುವ ಕಿರಿಯರಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳಿ, ಬಹುಶಃ ಅವರಿಗೆ ಬೇಸರವನ್ನು ಇನ್ನಷ್ಟು ಹೆಚ್ಚಿಸಿರಬಹುದು.

ಈ ಕಾಯಿಲೆಯ ಔಷಧಿಗಳಲ್ಲಿ ಹಿರಿಯದು ಲಿಥಿಯಂ. ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಉನ್ಮಾದಕ್ಕೆ ಅದರ ಉಪಯೋಗವನ್ನು ಪ್ರಕಟಿಸಿದರು. ಅದು ಉಪ್ಪಿನಂಥ ಸರಳ ವಸ್ತು. ಆದರೂ ಇಷ್ಟು ಕಾಲದ ಮೇಲೂ ಅದಕ್ಕೆ ಸರಿಸಾಟಿ ಕಡಿಮೆ, ಆತ್ಮಹತ್ಯೆಯ ಸಾಧ್ಯತೆಯನ್ನು ತಗ್ಗಿಸುವಲ್ಲಂತೂ ಅದರ ಹೆಸರು ದೊಡ್ಡದು. ಆದರೆ ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಿರಿದು. ದೀರ್ಘಕಾಲದ ಚಿಕಿತ್ಸೆಯಲ್ಲಿ ರಕ್ತದ ಮಟ್ಟ ಲೀಟರ್‌ಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇರಬೇಕು, 1.5 ದಾಟಿದರೆ ವಿಷದ ಲಕ್ಷಣಗಳನ್ನು ನಿರೀಕ್ಷಿಸಬೇಕು, ವಯಸ್ಸಾದವರಲ್ಲಿ ಅದಕ್ಕೂ ಮೊದಲೇ ಕಾಣಿಸಬಹುದು.

ಈ ಅಂಕಿಗಳಿಗೆ ಅರ್ಥ ಬರುವುದು ಕೊನೆಯ ಡೋಸ್ ಆಗಿ 12 ಗಂಟೆಗಳ ನಂತರ ರಕ್ತ ತೆಗೆದಿದ್ದರೆ ಮಾತ್ರ. ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಒಂದು ಬೆಳಿಗ್ಗೆ ಎಂಟಕ್ಕೆ ಎಂದಿನಂತೆ ಲಿಥಿಯಂ ಕೊಟ್ಟು, ಹತ್ತಕ್ಕೆ ರಕ್ತ ತೆಗೆದು ಕಳುಹಿಸಿದೆ. ವರದಿ 1.4 ಎಂದು ಬಂತು. ಡ್ಯೂಟಿ ವೈದ್ಯರು ಡೋಸ್ ತಗ್ಗಿಸಲು ಪೆನ್ನು ಎತ್ತಿದಾಗ, ಪಕ್ಕದಲ್ಲಿದ್ದ ಹಿರಿಯ ಸಿಸ್ಟರ್ ಒಂದೇ ಪ್ರಶ್ನೆ ಕೇಳಿದರು: "ಕೊನೆಯ ಡೋಸ್ ಎಷ್ಟು ಗಂಟೆಗೆ ಕೊಟ್ಟೆಯಮ್ಮ?" ಮರುದಿನ ಬೆಳಗಿನ ಮಾತ್ರೆಗೆ ಮುಂಚೆ ಮತ್ತೆ ತೆಗೆದ ರಕ್ತದಲ್ಲಿ ಮಟ್ಟ 0.8 ಇತ್ತು. ಆ ಪ್ರಶ್ನೆ ಬಾರದಿದ್ದರೆ, ಕಷ್ಟಪಟ್ಟು ಹತೋಟಿಗೆ ಬಂದಿದ್ದ ಉನ್ಮಾದ ಮರಳಲು ನನ್ನ ಒಂದು ಸಿರಿಂಜು ಕಾರಣವಾಗುತ್ತಿತ್ತು. ಹಸಿರು ಮುಚ್ಚಳದ ಕೆಲವು ಟ್ಯೂಬ್‌ಗಳಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಹಾಕುವುದು ಲಿಥಿಯಂ ಹೆಪಾರಿನ್. ಅದರಲ್ಲಿ ಮಾದರಿ ಕಳುಹಿಸಿದರೆ ಟ್ಯೂಬಿನ ಲಿಥಿಯಂ ಕೂಡ ರೋಗಿಯ ಲೆಕ್ಕಕ್ಕೆ ಸೇರಿ ಮಟ್ಟ ಸುಳ್ಳಾಗಿ ಏರುತ್ತದೆ ಎಂಬುದನ್ನೂ ಅವರೇ ಆ ದಿನ ಹೇಳಿಕೊಟ್ಟರು.

ಲಿಥಿಯಂ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ, ಮತ್ತು ಮೂತ್ರಪಿಂಡ ಅದನ್ನು ಬಹುಮಟ್ಟಿಗೆ ಸೋಡಿಯಂನಂತೆಯೇ ಕಾಣುತ್ತದೆ. ವಾಂತಿ, ಭೇದಿ, ಜ್ವರದ ಬೆವರಿನಿಂದ ನೀರೂ ಉಪ್ಪೂ ಕಡಿಮೆಯಾದಾಗ ಮೂತ್ರಪಿಂಡ ಸೋಡಿಯಂ ಜೊತೆಗೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಐಬುಪ್ರೊಫೇನ್‌ನಂತಹ ನೋವಿನ ಮಾತ್ರೆ, ಬಿಪಿಗೆ ಕೊಡುವ ಥಯಾಜೈಡ್ ಹಾಗೂ ಎಸಿಇ ತಡೆಯ ಔಷಧಿಗಳು ಕೂಡ ಮಟ್ಟವನ್ನು ಏರಿಸುತ್ತವೆ. ಆದ್ದರಿಂದ ಮಂಡಿನೋವಿಗೆ ತಾವೇ ಮಾತ್ರೆ ಕೊಂಡು ನುಂಗುವ ಅಭ್ಯಾಸವಿದೆಯೇ ಎಂದು ಕೇಳುವುದು ಕಾಲಹರಣದ ಮಾತಲ್ಲ. ಬೆರಳುಗಳ ನವಿರಾದ ನಡುಕ ಸಾಮಾನ್ಯ ಅಡ್ಡಪರಿಣಾಮ. ಕೈಯೇ ಒರಟಾಗಿ ನಡುಗುತ್ತ, ನಡಿಗೆ ತೂರಾಡುತ್ತ, ಮಾತು ತೊದಲುತ್ತ, ವಾಂತಿ ಭೇದಿ ಶುರುವಾದರೆ ಮುಂದಿನ ಡೋಸ್ ತಡೆಹಿಡಿದು ತಕ್ಷಣ ವೈದ್ಯರನ್ನು ಕರೆಯಬೇಕು. ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆಗಳು ಆಗಾಗ ನಡೆಯುತ್ತಲೇ ಇರಬೇಕು.

ಬೈಪೋಲಾರ್ ಕಾಯಿಲೆಯ ಇನ್ನೊಂದು ಔಷಧಿಯಾದ ಲ್ಯಾಮೊಟ್ರಿಜಿನ್‌ನ ಗಡಿಯಾರ ಎಲ್ಲಕ್ಕಿಂತ ನಿಧಾನ. ಸಾಮಾನ್ಯವಾಗಿ ಮೊದಲ ಎರಡು ವಾರ ದಿನಕ್ಕೆ 25 ಮಿಲಿಗ್ರಾಂ, ಮುಂದಿನ ಎರಡು ವಾರ 50 ಎಂದು ಹತ್ತಬೇಕು, ಜೊತೆಗೆ ಇದೇ ಕಾಯಿಲೆಗೆ ಕೊಡುವ ವಾಲ್ಪ್ರೊಯೇಟ್ ಇದ್ದರೆ ಅದರ ಅರ್ಧ ವೇಗದಲ್ಲಿ. ಅವಸರಿಸಿದರೆ ಪ್ರಾಣಕ್ಕೆ ಕುತ್ತಾಗುವ ಚರ್ಮದ ಕಾಯಿಲೆ ಬರಬಹುದು. ಕೆಲವು ದಿನ ಸತತವಾಗಿ ಮಾತ್ರೆ ತಪ್ಪಿದರೆ ಹಳೆಯ ಡೋಸ್‌ಗೆ ನೇರವಾಗಿ ಮರಳುವಂತಿಲ್ಲ, ಮತ್ತೆ ಕೆಳಗಿನ ಮೆಟ್ಟಿಲಿನಿಂದಲೇ ಆರಂಭಿಸಬೇಕಾಗುತ್ತದೆ. ದಾಖಲಾಗುವ ರೋಗಿ "200 ತೆಗೆದುಕೊಳ್ಳುತ್ತೇನೆ" ಎಂದಾಗ "ಕೊನೆಯದಾಗಿ ತೆಗೆದುಕೊಂಡದ್ದು ಯಾವ ದಿನ?" ಎಂಬ ಪ್ರಶ್ನೆ ಅದಕ್ಕೇ ಬೇಕು. ವಾಲ್ಪ್ರೊಯೇಟ್‌ನ ವಿಷಯದಲ್ಲಿ ಕೇಳಬೇಕಾದದ್ದು ಗರ್ಭದ ಬಗ್ಗೆ: ಗರ್ಭದಲ್ಲಿರುವ ಮಗುವಿನ ಮಿದುಳುಬಳ್ಳಿಗೂ ಮುಂದಿನ ಬುದ್ಧಿ ಬೆಳವಣಿಗೆಗೂ ಅದು ಹಾನಿ ಮಾಡಬಲ್ಲದು, ಮತ್ತು ಅಪಾಯ ಶುರುವಾಗುವುದು ಮುಟ್ಟು ನಿಂತದ್ದು ಗೊತ್ತಾಗುವ ಹೊತ್ತಿನ ಎಳೆಯ ದಿನಗಳಲ್ಲೇ.

ಗುಣವಾದ ಮೇಲೆ ಬಿಡುವುದಕ್ಕೂ ಒಂದು ವೇಳೆಯಿದೆ. ಪ್ಯಾರೊಕ್ಸೆಟಿನ್, ವೆನ್ಲಫಾಕ್ಸಿನ್ ಎಂಬ ಖಿನ್ನತೆಯ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ಮಿದುಳಿನಲ್ಲಿ ಕರೆಂಟ್ ಹೊಡೆದಂತಹ ಅನುಭವ ಆಗುತ್ತದೆ. ಲಿಥಿಯಂ ಅನ್ನು ಹಠಾತ್ತನೆ ಬಿಟ್ಟರೆ ಉನ್ಮಾದವೇ ಮರಳಬಹುದು. "ಸಿಸ್ಟರ್, ಈಗ ಚೆನ್ನಾಗಿದ್ದೇನಲ್ಲ, ಇನ್ನೂ ಯಾಕೆ?" ಎಂದು ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಮೈತೂಕ ಏರಿ, ಕೈ ನಡುಗಿ, ಉತ್ಸಾಹದ ದಿನಗಳ ಹೊಳಪನ್ನೂ ಕಳೆದುಕೊಂಡವರು ಕೇಳುವ ನ್ಯಾಯವಾದ ಪ್ರಶ್ನೆ ಅದು. ಉಪದೇಶಕ್ಕಿಳಿಯದೆ, ಯಾವುದು ಹೆಚ್ಚು ಕಾಡುತ್ತಿದೆ ಎಂದು ಕೇಳಿ ಬರೆದುಕೊಂಡು ವೈದ್ಯರಿಗೆ ತಲುಪಿಸಿದರೆ, ಡೋಸ್ ಅಥವಾ ವೇಳೆಯ ಸಣ್ಣ ಬದಲಾವಣೆಯಲ್ಲೇ ಎಷ್ಟೋ ಸಲ ದಾರಿ ಸಿಗುತ್ತದೆ.

ರಕ್ತದ ಮಾದರಿಯ ಚೀಟಿಯಲ್ಲಿ ಮಾದರಿ ತೆಗೆದ ವೇಳೆಗೆ ಮಾತ್ರ ಜಾಗವಿದೆ. ಲಿಥಿಯಂ ಪರೀಕ್ಷೆಗೆ ಕಳುಹಿಸುವಾಗ ಅದರ ಮೇಲ್ಗಡೆ ಖಾಲಿ ಅಂಚಿನಲ್ಲಿ ಕೊನೆಯ ಡೋಸ್‌ನ ವೇಳೆಯನ್ನೂ ನಾನು ಕೈಬರಹದಲ್ಲಿ ಸೇರಿಸುತ್ತೇನೆ. ಅದನ್ನು ಪ್ರಯೋಗಾಲಯದವರು ಓದುತ್ತಾರೋ ಇಲ್ಲವೋ, ಬರೆಯುವ ಮುನ್ನ ನಾನು ಒಮ್ಮೆ ಗಡಿಯಾರ ನೋಡಿರುತ್ತೇನೆ.